ಎರಡು ಗಿಲ್ಡರ್, ಮೂವತ್ತು ಸೆಂಟ್

ಮಾನ್ಯ ಮಾಸ್ತರರೇ,

ನಿಮ್ಮ ನಾಲ್ಕು ಪುಟದ ಪತ್ರ ತಲುಪಿತು. ಶಿರಸಿಯ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ ನಿವೃತ್ತರಾದವರ ಕೈಬರಹ ಎಂಬುದು ಲಕೋಟೆ ನೋಡಿದಾಗಲೇ ಗೊತ್ತಾಯಿತು. ಉಳಿದ ಓದುಗರಿಗಾಗಿ ನಿಮ್ಮ ತಕರಾರನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ ಡಚ್ ಕಲಾವಿದ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ಯ ಬಗ್ಗೆ ಬರೆಯುತ್ತ, 1881ರಲ್ಲಿ ಹೇಗ್ ನಗರದ ಒಂದು ಹರಾಜಿನಲ್ಲಿ ಆ ಚಿತ್ರ ಎರಡು ಗಿಲ್ಡರಿಗೆ (ಗಿಲ್ಡರ್ ಆಗಿನ ಡಚ್ ನಾಣ್ಯ) ಹೋಯಿತು, ಕೊಂಡವನ ಅದೃಷ್ಟವೇ ಅದೃಷ್ಟ ಎಂದಿದ್ದೆವು. ನೀವು ಬರೆದಿದ್ದೀರಿ: “ನಮ್ಮೂರ ಅಡಿಕೆ ಲಿಲಾವಿನಲ್ಲಿ ವ್ಯಾಪಾರಿ ಒಂದು ಮುಷ್ಟಿ ಎತ್ತಿ ನೋಡಿದರೆ ಸಾಕು, ಇದು ಚಾಲಿ, ಇದು ಬಿಳೆಗೋಟು, ಇದು ಕೋಕಾ ಎಂದು ಹೇಳಿಬಿಡುತ್ತಾನೆ. ಅಂಥ ಮುಖ ಕಣ್ಣೆದುರಿಗೇ ಇದ್ದರೂ ಅಷ್ಟು ಜನಕ್ಕೆ ಕಾಣಲಿಲ್ಲವೆಂದರೆ ಏನರ್ಥ? ಕೊಂಡವನಿಗೆ ಅದೃಷ್ಟ ಸರಿ, ಮಾರಿದವನಿಗೆ ಏನು? ಅವನ ಬಗ್ಗೆ ಒಂದು ಸಾಲೂ ಇಲ್ಲವಲ್ಲ.” ಕೊನೆಯ ಪುಟದಲ್ಲಿ ನಿಮ್ಮ ಮನೆಯ ಚಿತ್ರದ ವಿಷಯವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಲಿಲಾವು ಎಂಬ ಮಾತನ್ನು ಬಹಳ ದಿನಗಳ ಮೇಲೆ ಕಾಗದದಲ್ಲಿ ಓದಿ ಸಂತೋಷವಾಯಿತು. ಪೋರ್ಚುಗೀಸರಿಂದ ಬಂದು ನಿಮ್ಮ ಸೀಮೆಯಲ್ಲಿ ಬೇರುಬಿಟ್ಟ ಮಾತು ಅದು.

ಈಗ ನಮ್ಮ ತಪ್ಪು. ಕೊಂಡವನು ತೆತ್ತದ್ದು ಎರಡು ಗಿಲ್ಡರ್ ಮೂವತ್ತು ಸೆಂಟ್. ಎರಡು ಗಿಲ್ಡರ್ ಕೂಗಿಗೆ ನಿಂತ ಬೆಲೆ, ಮೂವತ್ತು ಸೆಂಟ್ ಅದರ ಮೇಲಿನ ಹರಾಜಿನ ಖರ್ಚು. ಮೂವತ್ತು ಸೆಂಟ್ ಬಿಟ್ಟುಹೋದದ್ದು ಸಣ್ಣ ತಪ್ಪು. ‘ಅದೃಷ್ಟ’ ಎಂದು ಬರೆದದ್ದು ದೊಡ್ಡ ತಪ್ಪು, ಏಕೆಂದರೆ ಆ ದಿನ ಅಲ್ಲಿ ಅದೃಷ್ಟಕ್ಕೆ ಕೆಲಸವೇ ಇರಲಿಲ್ಲ. ಹರಾಜಿಗೆ ಬಂದಾಗ ಆ ಚಿತ್ರ ಕೊಳೆ ಹಿಡಿದು ಹಾಳಾದ ಸ್ಥಿತಿಯಲ್ಲಿತ್ತು. ಸರ್ಕಾರದಲ್ಲಿ ಕಲೆ ಮತ್ತು ಸ್ಮಾರಕಗಳ ಹೊಣೆ ಹೊತ್ತಿದ್ದ ವಿಕ್ಟರ್ ಡಿ ಸ್ಟ್ಯೂರ್ಸ್ ಎಂಬ ಅಧಿಕಾರಿ ಅದನ್ನು ನೋಡಿ ಗುರುತು ಹಿಡಿದ. ಅವನ ಪರಿಚಯದವನೇ ಆದ ಸಂಗ್ರಾಹಕ ಆರ್ನಾಲ್ಡಸ್ ಡೆ ಟಾಂಬ್ ಕೂಡ ಅಲ್ಲಿದ್ದ. ಒಬ್ಬರ ಮೇಲೊಬ್ಬರು ಬೆಲೆ ಏರಿಸುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡರು. ಡೆ ಟಾಂಬ್ ಕೂಗಿದ, ಡಿ ಸ್ಟ್ಯೂರ್ಸ್ ಸುಮ್ಮನಿದ್ದ, ಮೂರನೆಯವರು ಬಾಯಿ ತೆರೆಯಲಿಲ್ಲ. ಗೊತ್ತಿದ್ದವರು ಇಬ್ಬರೇ, ಆ ಇಬ್ಬರಲ್ಲಿ ಪೈಪೋಟಿಯೂ ಇಲ್ಲ ಎಂದ ಮೇಲೆ ಬೆಲೆ ಏರುವುದಾದರೂ ಹೇಗೆ? ಚಿತ್ರವನ್ನು ಆಂಟ್‌ವರ್ಪ್‌ಗೆ ಕಳುಹಿಸಿ ಕೊಳೆ ತೆಗೆಸಿದ ಮೇಲೆಯೇ ಉಳಿದವರಿಗೆ ಆ ಮುಖ ಕಂಡದ್ದು.

ನಿಮ್ಮ ಅಡಿಕೆಯ ಹೋಲಿಕೆಯನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ಅಡಿಕೆ ವ್ಯಾಪಾರಿಯ ಅಂಗೈ ಮೇಲೆ ಅದಕ್ಕೆ ಮುಂಚೆ ಲಕ್ಷ ಮುಷ್ಟಿ ಹಾದುಹೋಗಿರುತ್ತದೆ. ವರ್ಮೀರ್‌ನವು ಎಂದು ಇಂದು ಒಪ್ಪಿರುವ ಚಿತ್ರಗಳು ಇಡೀ ಜಗತ್ತಿನಲ್ಲಿ ಮೂರು ಡಜನ್ನಿನಷ್ಟು. ಆಗ ಅವು ಅರಮನೆ, ಖಾಸಗಿ ಮನೆ, ಸಂಗ್ರಹಾಲಯಗಳಲ್ಲಿ ಚೆದುರಿದ್ದವು. ಬಣ್ಣದ ಫೋಟೋ ಇಲ್ಲದ ಕಾಲ. ಎರಡು ಚಿತ್ರ ಹೋಲಿಸಬೇಕೆಂದರೆ ಒಂದೂರಿನದನ್ನು ಕಣ್ಣಲ್ಲಿ ಹೊತ್ತುಕೊಂಡು ರೈಲು ಹತ್ತಿ ಇನ್ನೊಂದೂರಿಗೆ ಹೋಗಬೇಕು. ಹಾಗೆ ಅಲೆದವನು ಫ್ರೆಂಚ್ ಪತ್ರಕರ್ತ ತಿಯೋಫಿಲ್ ಥೊರೆ. ಅವನು 1866ರಲ್ಲಿ ಪ್ಯಾರಿಸ್‌ನ ಕಲಾ ಪತ್ರಿಕೆಯಲ್ಲಿ ವರ್ಮೀರ್‌ನ ಚಿತ್ರಗಳ ಪಟ್ಟಿ ಅಚ್ಚು ಹಾಕಿಸಿದ. ಪಟ್ಟಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಿದ್ದವು. ಅಷ್ಟು ಪ್ರೀತಿಯಿಂದ ಹುಡುಕಿದವನೇ ಅರ್ಧಕ್ಕರ್ಧ ತಪ್ಪಿದನೆಂದರೆ, ಹರಾಜಿಗೆ ಬಂದು ಕುರ್ಚಿಯಲ್ಲಿ ಕುಳಿತವರನ್ನು ಕುರುಡರೆನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಲೆಕ್ಕ ನೋಡಿ. ಇದೇ ವರ್ಮೀರ್‌ನ ‘ಡೆಲ್ಫ್ಟ್ ನೋಟ’ ಎಂಬ ಚಿತ್ರವನ್ನು 1822ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹರಾಜಿನಲ್ಲಿ ಡಚ್ ಸರ್ಕಾರ 2,900 ಗಿಲ್ಡರ್ ಕೊಟ್ಟು ಕೊಂಡು ಹೇಗ್‌ನ ಮೌರಿತ್ಸ್‌ಹೌಸ್ ಸಂಗ್ರಹಾಲಯದಲ್ಲಿ ಇರಿಸಿತ್ತು. ಅಂದರೆ ಹುಡುಗಿ ಎರಡು ಗಿಲ್ಡರಿಗೆ ಹೋಗುವುದಕ್ಕೆ ಐವತ್ತೊಂಬತ್ತು ವರ್ಷ ಮೊದಲೇ ಅದೇ ಕೈಯ ಚಿತ್ರಕ್ಕೆ ಸಾವಿರಗಳ ಬೆಲೆ ಬಂದಿತ್ತು, ಆ ಚಿತ್ರ ಅದೇ ಊರಿನ ಗೋಡೆಯ ಮೇಲೆಯೇ ಇತ್ತು. 1822ರಲ್ಲಿ ಚಿತ್ರದ ಜತೆಗೆ ಹೆಸರು ಬಂದಿತ್ತು. 1881ರಲ್ಲಿ ಹುಡುಗಿ ಒಬ್ಬಳೇ ಬಂದಿದ್ದಳು. ಆ ಶತಮಾನದ ಹರಾಜುಗಳ ಬಗ್ಗೆ ಓದಿದಷ್ಟೂ ನನಗೆ ಗಟ್ಟಿಯಾಗಿರುವ ನಂಬಿಕೆ ಇದು: ಸುತ್ತಿಗೆ ಬಿದ್ದಾಗ ನಿಂತ ಬೆಲೆ ಚಿತ್ರದ ಬಗ್ಗೆ ಹೇಳುವುದು ಸ್ವಲ್ಪ, ಆ ಹೊತ್ತಿಗೆ ಅಲ್ಲಿ ಕುಳಿತವರಿಗೆ ಏನೇನು ಗೊತ್ತಿತ್ತು ಎಂಬುದರ ಬಗ್ಗೆ ಹೇಳುವುದೇ ಹೆಚ್ಚು.

ಪ್ಯಾರಿಸ್‌ನಲ್ಲಿ 1852ರ ಮೇ ತಿಂಗಳಲ್ಲಿ ನಡೆದ ಮಾರ್ಷಲ್ ಸೂಲ್ತ್‌ನ ಸಂಗ್ರಹದ ಹರಾಜನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸೂಲ್ತ್ ನೆಪೋಲಿಯನ್‌ನ ಸೇನಾಪತಿ. ಸ್ಪೇನ್ ದೇಶವನ್ನು ಆಕ್ರಮಿಸಿದ್ದಾಗ ಸೆವಿಲ್‌ನ ಮಠ, ಚರ್ಚು, ಆಸ್ಪತ್ರೆಗಳ ಗೋಡೆಗಳಿಂದ ಚಿತ್ರಗಳನ್ನು ಕೀಳಿಸಿ ಮನೆಗೆ ಸಾಗಿಸಿದವನು. ಅವನು ಸತ್ತ ಮರುವರ್ಷ ಆ ಲೂಟಿಯ ಮಾಲೇ ಕ್ಯಾಟಲಾಗಿನಲ್ಲಿ ಅಚ್ಚಾಗಿ ಹರಾಜಿಗೆ ಬಂತು. ಅದರಲ್ಲಿ ಸ್ಪೇನಿನ ಕಲಾವಿದ ಮುರಿಲ್ಲೊ ಬರೆದ ಮೇರಿ ಮಾತೆಯ ದೊಡ್ಡ ಚಿತ್ರವೊಂದಿತ್ತು. ವೃದ್ಧ ಪಾದ್ರಿಗಳ ಆಶ್ರಯಧಾಮಕ್ಕೆಂದು ಬರೆದದ್ದು. ಸ್ಪೇನ್ ರಾಣಿಯ ಕಡೆಯವರು, ರಷ್ಯದ ಚಕ್ರವರ್ತಿಯ ಕಡೆಯವರು, ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದವರು ಒಬ್ಬರ ಮೇಲೊಬ್ಬರು ಕೂಗಿದರು. ಕೊನೆಗೆ ಖರ್ಚು ಸೇರಿ 6,15,300 ಫ್ರಾಂಕಿಗೆ ಲೂವ್ರ್ ಗೆದ್ದಿತು. ಅಲ್ಲಿಯವರೆಗೆ ಯಾವ ಚಿತ್ರಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಕಳೆದುಕೊಂಡ ದೇಶದ ರಾಣಿ ತನ್ನದೇ ವಸ್ತುವಿಗೆ ಬೆಲೆ ಕೂಗಬೇಕಾಯಿತು, ಕೂಗಿಯೂ ಸೋತಳು. 1941ರಲ್ಲಿ ಎರಡು ಸರ್ಕಾರಗಳ ನಡುವಿನ ವಿನಿಮಯದಲ್ಲಿ ಚಿತ್ರ ಸ್ಪೇನಿಗೆ ಮರಳಿತು, ಆದರೆ ಸೆವಿಲ್‌ಗಲ್ಲ, ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯಕ್ಕೆ. ಅದರ ಮೂಲ ಚೌಕಟ್ಟು ಸೆವಿಲ್‌ನಲ್ಲಿಯೇ ಉಳಿಯಿತು.

ಅದಾದ ಒಂಬತ್ತು ವರ್ಷಕ್ಕೆ, 1861ರಲ್ಲಿ, ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಇಟಲಿಯ ಕಲಾವಿದ ಪಿಯೆರೊ ಡೆಲ್ಲಾ ಫ್ರಾಂಚೆಸ್ಕನ ‘ಕ್ರಿಸ್ತನ ದೀಕ್ಷಾಸ್ನಾನ’ ಬಂತು. ನ್ಯಾಷನಲ್ ಗ್ಯಾಲರಿಯ ನಿರ್ದೇಶಕ ಚಾರ್ಲ್ಸ್ ಈಸ್ಟ್‌ಲೇಕ್ ಅದನ್ನು 241 ಪೌಂಡಿಗೆ ಕೊಂಡ. ಮುರಿಲ್ಲೊಗೆ ಬಿದ್ದ ಬೆಲೆಯ ನೂರರಲ್ಲಿ ಒಂದು ಪಾಲಿನಷ್ಟು. ಬೆಳಗಿನ ಬಿಳಿ ಬೆಳಕಿನಲ್ಲಿ ನಿಂತ ಆ ಕ್ರಿಸ್ತನನ್ನು, ಹಿಂದೆ ಅಂಗಿ ಕಳಚಲು ತಲೆಯ ಮೇಲೆ ಎಳೆದುಕೊಂಡು ಬಗ್ಗಿರುವ ಆ ಮನುಷ್ಯನನ್ನು ನೀವು ಮಕ್ಕಳಿಗೆ ತೋರಿಸಿರುತ್ತೀರಿ. ಇಂದು ಅದರ ಮುಂದೆ ನಿಲ್ಲಲೆಂದೇ ಲಂಡನ್ನಿಗೆ ಹೋಗುವವರಿದ್ದಾರೆ. ಆಗ ಶ್ರೀಮಂತರಿಗೆ ಬೇಕಾಗಿದ್ದದ್ದು ಮುರಿಲ್ಲೊನ ಮೋಡ, ಮೃದುವಾದ ಮುಖ. ಪಿಯೆರೊ ಅವರಿಗೆ ಒರಟಾಗಿ ಕಂಡ. ಮುರಿಲ್ಲೊ ಸಣ್ಣ ಕಲಾವಿದನೆಂದು ನಾನು ಹೇಳುತ್ತಿಲ್ಲ. ನೂರಕ್ಕೆ ಒಂದು ಎಂಬ ಆ ಅಂತರ ಕುಂಚದಿಂದ ಬಂದದ್ದಲ್ಲ ಎಂದಷ್ಟೇ.

ಈಗ ಮಾರಿದವನ ವಿಷಯ. ನಿಮ್ಮ ಮಾತು ಸರಿ, ಅವನಿಗೆ ಅನ್ಯಾಯವಾಯಿತು. ಕೂಗಬೇಕಾದ ಇಬ್ಬರು ಮೊದಲೇ ಮಾತಾಡಿಕೊಂಡು ಬಂದರೆ ಹರಾಜು ಹರಾಜಾಗಿ ಉಳಿಯುವುದಿಲ್ಲ. ಇದನ್ನೇ ಕಸುಬು ಮಾಡಿಕೊಂಡ ವ್ಯಾಪಾರಿಗಳ ಕೂಟಗಳು ಆಗ ಲಂಡನ್ನಿನಲ್ಲಿದ್ದವು. ಹರಾಜಿನಲ್ಲಿ ಕೂಟದ ಪರವಾಗಿ ಒಬ್ಬನೇ ಕೂಗುವುದು, ಮಾಲು ಅಗ್ಗಕ್ಕೆ ಸಿಕ್ಕ ಮೇಲೆ ಎಲ್ಲರೂ ಹತ್ತಿರದ ಒಂದು ಕೋಣೆಯಲ್ಲಿ ಸೇರಿ ತಮ್ಮತಮ್ಮಲ್ಲೇ ಮತ್ತೆ ಹರಾಜು ಹಾಕಿಕೊಳ್ಳುವುದು, ಏರಿದ ಹಣವನ್ನು ಹಂಚಿಕೊಳ್ಳುವುದು. ಮಾರಿದ ಮನೆಯವರಿಗೆ ಆ ಎರಡನೆಯ ಹರಾಜಿನ ಸುದ್ದಿಯೇ ಇರುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನಿನ ತಡೆ ಬಂದದ್ದು 1927ರಲ್ಲಿ. ಹೇಗ್‌ನ ಇಬ್ಬರೂ ವ್ಯಾಪಾರಿಗಳಾಗಿರಲಿಲ್ಲ ನಿಜ. 1902ರಲ್ಲಿ ಡೆ ಟಾಂಬ್ ತೀರಿಕೊಂಡಾಗ ಹುಡುಗಿಯನ್ನೂ ಸೇರಿಸಿ ಹನ್ನೆರಡು ಚಿತ್ರಗಳನ್ನು ಉಯಿಲಿನಲ್ಲಿ ಮೌರಿತ್ಸ್‌ಹೌಸ್‌ಗೆ ಬರೆದಿಟ್ಟಿದ್ದ. ಊರಿಗೆ ಒಳ್ಳೆಯದಾಯಿತು, ನಮಗೂ ಒಳ್ಳೆಯದಾಯಿತು. ಆದರೂ ಮಾರಿದವನ ಪಾಲಿಗೆ ಅವತ್ತು ದಕ್ಕಬೇಕಾದದ್ದು ದಕ್ಕಲಿಲ್ಲ. ಇದನ್ನು ನಾವು ಬರೆಯಬೇಕಾಗಿತ್ತು.

ಹೇಗ್‌ನ ಆ ಹರಾಜಿನ ಹನ್ನೊಂದು ವರ್ಷದ ಮೇಲೆ, 1892ರ ಡಿಸೆಂಬರಿನಲ್ಲಿ, ಪ್ಯಾರಿಸ್‌ನ ದ್ರುವೊ ಹರಾಜು ಮನೆಯಲ್ಲಿ ಥೊರೆಯ ಸ್ವಂತ ಸಂಗ್ರಹವೇ ಮಾರಾಟಕ್ಕೆ ಬಂತು. ಪಟ್ಟಿ ಮಾಡಿದವನು ತೀರಿಕೊಂಡು ಇಪ್ಪತ್ತಮೂರು ವರ್ಷವಾಗಿತ್ತು. ವರ್ಮೀರ್‌ನ ‘ಸಂಗೀತ ಕಛೇರಿ’ ಎಂಬ ಚಿತ್ರಕ್ಕಾಗಿ ಬಾಸ್ಟನ್ನಿನ ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್ನರ್ ಎಂಬ ಶ್ರೀಮಂತ ಮಹಿಳೆ ತಾನೇ ಬಂದು ಕುಳಿತಿದ್ದಳು. ಕೂಗುವುದು ಅವಳ ಏಜೆಂಟನ ಕೆಲಸ. ಇವಳ ಕರವಸ್ತ್ರ ಮುಖದ ಮೇಲೆ ಇರುವವರೆಗೂ ಅವನು ಬೆಲೆ ಏರಿಸುತ್ತ ಹೋಗಬೇಕು ಎಂದು ಒಪ್ಪಂದ. ಕರವಸ್ತ್ರ ಕೆಳಗಿಳಿಯಲಿಲ್ಲ, 29,000 ಫ್ರಾಂಕಿಗೆ ಚಿತ್ರ ಅವಳದಾಯಿತು. ಹೇಗ್‌ನ ಹುಡುಗಿಗೆ ಬಿದ್ದ ಬೆಲೆ ಐದು ಫ್ರಾಂಕೂ ಆಗುವುದಿಲ್ಲ. ಲೂವ್ರ್ ಮತ್ತು ಲಂಡನ್ನಿನ ನ್ಯಾಷನಲ್ ಗ್ಯಾಲರಿ ಎರಡಕ್ಕೂ ಈ ಚಿತ್ರ ಬೇಕಿತ್ತು, ಎದುರಿಗೆ ಕೂಗುತ್ತಿರುವುದು ಇನ್ನೊಂದು ಸಂಗ್ರಹಾಲಯವೇ ಇರಬೇಕೆಂದು ಭಾವಿಸಿ ಎರಡೂ ಮರ್ಯಾದೆಗೆ ನಿಲ್ಲಿಸಿಬಿಟ್ಟವು ಎಂದು ಗಾರ್ಡ್ನರ್ ಕಡೆಯವರು ಹೇಳಿಕೊಂಡು ಬಂದಿದ್ದಾರೆ. ಹಾಗಿದ್ದರೆ ದೊಡ್ಡ ಸಂಸ್ಥೆಗಳ ಸೌಜನ್ಯವೂ ಮಾರುವವನ ಜೇಬಿಗೇ ಕತ್ತರಿ ಹಾಕಿತು ಎಂದಾಯಿತು. ಆ ‘ಕಛೇರಿ’ 1990ರ ಮಾರ್ಚ್ 18ರ ನಸುಕಿನಲ್ಲಿ ಬಾಸ್ಟನ್ನಿನಿಂದ ಕಳುವಾಯಿತು. ಇಂದಿಗೂ ಸಿಕ್ಕಿಲ್ಲ.

ಬರೀ ಅನ್ಯಾಯದ ಕತೆಯಾಯಿತು ಎನ್ನಬೇಡಿ. ಈ ಹರಾಜುಗಳು ಬಿಟ್ಟುಹೋದ ಒಂದು ಆಸ್ತಿಯನ್ನು ನಾನು ಚಿತ್ರಗಳಷ್ಟೇ ಪ್ರೀತಿಸುತ್ತೇನೆ. ಅದು ಅವುಗಳ ಕಾಗದ. 1882ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಅರಮನೆಯ ಸಾಮಾನುಗಳನ್ನು ಲಂಡನ್ನಿಗೆ ತಂದು ಕ್ರಿಸ್ಟೀಸ್ ಹರಾಜು ಹಾಕಿತು. ಹದಿನೇಳು ದಿನ ನಡೆದ ಹರಾಜು, 2,213 ಲಾಟುಗಳು, ಒಟ್ಟು 3,97,562 ಪೌಂಡ್. ಎಲ್ಲ ಮುಗಿದ ಮೇಲೆ ಕ್ಯಾಟಲಾಗನ್ನು ಬೆಲೆ ಮತ್ತು ಕೊಂಡವರ ಹೆಸರುಗಳ ಸಮೇತ ಮತ್ತೆ ಅಚ್ಚು ಹಾಕಿದರು. ಅರಮನೆ 1920ರ ದಶಕದಲ್ಲಿ ನೆಲಸಮವಾಯಿತು. ಅದರ ಗೋಡೆಗಳ ಮೇಲೆ ಏನೇನಿತ್ತು, ಯಾವುದು ಯಾರ ಮನೆಗೆ ಹೋಯಿತು ಎಂಬುದನ್ನು ಆ ಪುಸ್ತಕ ಹಿಡಿದು ಈಗಲೂ ಬೆನ್ನುಹತ್ತಬಹುದು. ಬೇರೆ ಹರಾಜುಗಳ ಕ್ಯಾಟಲಾಗುಗಳ ಅಂಚಿನಲ್ಲಿ ಯಾರೋ ಕುಳಿತಲ್ಲೇ ಗೀಚಿದ ಬೆಲೆ, ಹೆಸರುಗಳಿವೆ. ಕ್ರಿಸ್ಟೀಸ್‌ನವರು ಚಿತ್ರದ ಹಿಂಬದಿಯ ಮರದ ಮೇಲೆ ಕಪ್ಪು ಮಸಿಯಿಂದ ಅಚ್ಚೊತ್ತುತ್ತಿದ್ದ ಸಂಖ್ಯೆಗಳಿವೆ. ಫ್ರಿಟ್ಸ್ ಲುಗ್ಟ್ ಎಂಬ ಡಚ್ ವಿದ್ವಾಂಸ ಯುರೋಪಿನ ಗ್ರಂಥಾಲಯಗಳನ್ನು ಜಾಲಾಡಿ, ಇಂಥ ಕ್ಯಾಟಲಾಗುಗಳು ಎಲ್ಲೆಲ್ಲಿ ಉಳಿದಿವೆ ಎಂಬ ಪಟ್ಟಿಯನ್ನೇ ಸಂಪುಟಗಳಲ್ಲಿ ಕೊಟ್ಟ. ಮೊದಲನೆಯದು 1938ರಲ್ಲಿ ಬಂತು. ಲೂಟಿಯ ಮಾಲನ್ನು ಲೂಟಿಯೆಂದು ಸಾಬೀತು ಮಾಡುವುದೂ ನಕಲನ್ನು ಹಿಡಿಯುವುದೂ ಇಂಥ ಕಾಗದಗಳಿಂದಲೇ.

ಅದಕ್ಕಾಗಿಯೇ ನಿಮ್ಮ ಪತ್ರದ ಕೊನೆಯ ಪುಟವನ್ನು ಎರಡು ಸಲ ಓದಿದೆ. ತಾಯಿಯ ತವರಿನಿಂದ ಬಂದ, ಗಾಜಿನ ಮೇಲೆ ಬರೆದ ಗಜಲಕ್ಷ್ಮಿ. ಹಿಂದಿನ ಹಲಗೆಯ ಮೇಲೆ ಅರ್ಧ ಹರಿದ ಒಂದು ಚೀಟಿ, ಅದರಲ್ಲಿ ನಿಮಗೆ ಓದಲು ಬಾರದ ಮೋಡಿ ಅಕ್ಷರ, ಮರಾಠಿಯ ಹಳೆಯ ಕೂಡುಬರಹ. ಪೇಟೆಯಿಂದ ಬಂದ ವ್ಯಾಪಾರಿ ಒಂದು ಬೆಲೆ ಹೇಳಿ, “ಆ ಹಲಗೆ ಹುಳ ಹಿಡಿದಿದೆ, ಬಿಸಾಡಿ, ಹೊಸ ಚೌಕಟ್ಟು ಹಾಕಿಸಿಕೊಳ್ಳುತ್ತೇನೆ” ಎಂದದ್ದು. ಕೊಡಬೇಕೋ ಬೇಡವೋ ಎಂದು ಕೇಳಿದ್ದೀರಿ.

ಕೊಡುವುದು ಬಿಡುವುದು ನಿಮ್ಮ ಮನೆಯ ವಿಷಯ. ಮೊಮ್ಮಗಳ ಓದಿನ ಖರ್ಚು ಎದುರಿಗಿದೆ ಎಂದೂ ಬರೆದಿದ್ದೀರಿ, ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಆದರೆ ಆ ಹಲಗೆಯನ್ನು ಬಿಸಾಡಬೇಡಿ, ನೀವಾಗಿ ಬಿಚ್ಚಲೂ ಬೇಡಿ. ಗಾಜಿನ ಚಿತ್ರದಲ್ಲಿ ಬಣ್ಣ ಇರುವುದು ಗಾಜಿನ ಬೆನ್ನಿನ ಮೇಲೆ. ಹಲಗೆ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಲಕ್ಷ್ಮಿಯೇ ಎದ್ದು ಬರುತ್ತಾಳೆ. ಎದುರು, ಹಿಂದು ಎರಡೂ ಕಡೆ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಯಾರ ಮದುವೆಯಲ್ಲಿ, ಯಾವ ಊರಿನಿಂದ ಬಂತು ಎಂದು ನಿಮ್ಮ ಅಮ್ಮ ಹೇಳುತ್ತಿದ್ದುದನ್ನು ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ. ಮಾರಿದರೂ ಆ ಹಾಳೆಯ ಪ್ರತಿ ಚಿತ್ರದ ಜತೆಗೇ ಹೋಗಲಿ. ನೂರು ವರ್ಷ ದಾಟಿದ ಚಿತ್ರ ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅಂಥವನ್ನು ವ್ಯಾಪಾರ ಮಾಡುವವನಿಗೆ ಪರವಾನಗಿ ಇರಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಪರವಾನಗಿ ತೋರಿಸಲು ಹೇಳಿ. ಇನ್ನೊಬ್ಬ ವ್ಯಾಪಾರಿಗೂ ತೋರಿಸಿ, ಇಬ್ಬರೂ ಒಟ್ಟಿಗೆ ಬರದ ಹಾಗೆ ನೋಡಿಕೊಳ್ಳಿ.

ಚೀಟಿಯ ಫೋಟೋವನ್ನು ನಮ್ಮ ಕಚೇರಿಗೂ ಒಂದು ಕಳುಹಿಸಿ. ಮೋಡಿ ಓದಬಲ್ಲ ಹಿರಿಯರೊಬ್ಬರು ಧಾರವಾಡದಲ್ಲಿದ್ದಾರೆ, ನಿನ್ನೆ ಫೋನಿನಲ್ಲಿ ಮಾತಾಡಿದೆ. ಹರಿದ ಅಂಚೂ ಸ್ಪಷ್ಟವಾಗಿ ಕಾಣುವಂತೆ ಹತ್ತಿರದಿಂದ ತೆಗೆಯಲು ಹೇಳಿದ್ದಾರೆ.

ನಿಮ್ಮ ವಿಶ್ವಾಸಿ,
ಸಂಪಾದಕ