ಕ್ಯಾಲ್ಸಿಯಂ ತಡೆಯುವ ಮಾತ್ರೆ, ಕ್ಯಾಲ್ಸಿಯಂ ಕೊಡುವ ಮಾತ್ರೆ: ಎರಡೂ ಒಟ್ಟಿಗೆ ಯಾಕೆ?

ಪ್ರಶ್ನೆ: ನಮ್ಮಪ್ಪನಿಗೆ 68 ವರ್ಷ. ಬಿಪಿಗೆ ದಿನಾ ಆಮ್ಲೋಡಿಪಿನ್ ತಗೊಳ್ತಾರೆ. ಅದು ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಅಂತ ಓದಿದೆ. ಈಗ ಮೂಳೆ ಸವೆದಿದೆ ಅಂತ ಬೇರೆ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದಿದ್ದಾರೆ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ತಡೆದ ಹಾಗಾಗಲ್ವಾ? ಹೃದಯ ಬಡಿಯೋಕೂ ಕ್ಯಾಲ್ಸಿಯಂ ಬೇಕಂತೆ. ತಡೆದರೆ ಹೃದಯ ಸೋಲಲ್ವಾ?

ಉತ್ತರ: ಹೆಸರು ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಆಮ್ಲೋಡಿಪಿನ್ ರಕ್ತದಲ್ಲಿರುವ ಕ್ಯಾಲ್ಸಿಯಂನ ತಂಟೆಗೇ ಹೋಗುವುದಿಲ್ಲ. ಅದು ಅಡ್ಡ ನಿಲ್ಲುವುದು ಜೀವಕೋಶದ ಬಾಗಿಲಿಗೆ. ಹೊರಗೆ ಎಷ್ಟಿದೆ ಅನ್ನುವುದು ಒಂದು ಲೆಕ್ಕ, ಒಳಗೆ ಎಷ್ಟು ನುಗ್ಗುತ್ತದೆ ಅನ್ನುವುದು ಬೇರೆಯೇ ಲೆಕ್ಕ.

ಮೊದಲು ಹೃದಯ ನೋಡೋಣ. ಸುಮ್ಮನಿರುವ ಹೃದಯಕೋಶದೊಳಗೆ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಮ್ಮಿ. ವಿದ್ಯುತ್ ಅಲೆ ಬಂದು ತಾಕಿತು ಅಂದರೆ ಬಾಗಿಲು, ಅಂದರೆ ಚಾನೆಲ್, ತೆರೆಯುತ್ತದೆ. ಒಳಗೆ ಬರುವುದು ಚೂರೇ ಚೂರು. ಆದರೆ ಕೋಶದೊಳಗೇ ಒಂದು ಕ್ಯಾಲ್ಸಿಯಂ ದಾಸ್ತಾನು ಇದೆ. ಬಂದ ಚೂರು ಹೋಗಿ ಅದನ್ನು ತೆರೆಸುತ್ತದೆ, ಅಲ್ಲಿಂದ ಜಾಸ್ತಿ ಸುರಿಯುತ್ತದೆ. ಅದು ಟ್ರೋಪೋನಿನ್ ಅನ್ನುವ ಪ್ರೋಟೀನಿಗೆ ಅಂಟಿದ ಕೂಡಲೇ ಸ್ನಾಯುವಿನ ಎಳೆಗಳ ಮೇಲಿದ್ದ ತಡೆ ಸರಿಯುತ್ತದೆ. ಎಳೆ ಎಳೆಯನ್ನು ಜಗ್ಗುತ್ತದೆ. ಒಂದು ಬಡಿತ! (ಎದೆನೋವು ಬಂದಾಗ ಮಾಡಿಸುವ ಟ್ರೋಪೋನಿನ್ ಟೆಸ್ಟ್ ಹುಡುಕುವುದು ಇದೇ ಕುಟುಂಬದ ಪ್ರೋಟೀನನ್ನು.)

ಜಗ್ಗಿದ ಮೇಲೆ ಬಿಡಬೇಕಲ್ಲ? ಜನ ಮರೆಯುವುದು ಇದನ್ನೇ. ಸಡಿಲವಾಗುವುದಕ್ಕೂ ಶಕ್ತಿ ಬೇಕು. ಸುರಿದ ಕ್ಯಾಲ್ಸಿಯಂನಲ್ಲಿ ಹೆಚ್ಚಿನದನ್ನು ಪಂಪುಗಳು ಎತ್ತಿ ವಾಪಸ್ ದಾಸ್ತಾನಿಗೆ ತುಂಬುತ್ತವೆ. ಹೊರಗಿನಿಂದ ಬಂದಷ್ಟನ್ನು ಹೊರಗೇ ಕಳಿಸಲಾಗುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿನೊಳಗೆ, ದಿನಕ್ಕೆ ಸುಮಾರು 1 ಲಕ್ಷ ಸಲ.

ಹೃದಯಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕೇ ಬೇಕು ಅನ್ನುವುದು ಗೊತ್ತಾದ ಕತೆ ಮಜವಾಗಿದೆ. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟಿದ್ದರು. ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ನೋಡಿದರೆ ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ ಮಾಡಿತ್ತು! ಶುದ್ಧ ನೀರಿನಲ್ಲಿ ಮಾಡಿದಾಗ ಬಡಿತ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಕೆಲಸ ಮಾಡುತ್ತಿತ್ತು ಅಂತ 1883ರಲ್ಲಿ ಅವರು ಬರೆದರು.

ಇನ್ನು ರಕ್ತನಾಳ. ಅದರ ಗೋಡೆಯ ಸ್ನಾಯುವಿನಲ್ಲಿ ಟ್ರೋಪೋನಿನ್‌ಗೆ ಕೆಲಸವಿಲ್ಲ. ಕ್ಯಾಲ್ಸಿಯಂ ಇಲ್ಲಿ ಕ್ಯಾಲ್ಮೊಡ್ಯುಲಿನ್ ಅನ್ನುವ ಪ್ರೋಟೀನನ್ನು ಹಿಡಿಯುತ್ತದೆ. ಆ ಜೋಡಿ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಕಿಣ್ವ ಮಯೋಸಿನ್ ಅನ್ನುವ ಎಳೆಗೆ ಫಾಸ್ಫೇಟ್ ಅಂಟಿಸುತ್ತದೆ, ಆಗ ಜಗ್ಗಾಟ ಶುರು. ಇನ್ನೊಂದು ಕಿಣ್ವ ಆ ಫಾಸ್ಫೇಟ್ ಕಿತ್ತರೆ ಸಡಿಲ. ಇದು ನಿಧಾನದ ವ್ಯವಹಾರ. ಇಲ್ಲಿ ಬಡಿತವಿಲ್ಲ, ಬಿಗಿತವಿದೆ, ಗಂಟೆಗಟ್ಟಲೆ. ಆ ಬಿಗಿತ ಸ್ವಲ್ಪ ಇಳಿದರೂ ಬಿಪಿಗೆ ದೊಡ್ಡ ಲಾಭ: ನಾಳದ ಅಗಲ ಶೇ 10ರಷ್ಟು ಹೆಚ್ಚಿದರೆ ರಕ್ತದ ಹರಿವಿಗೆ ಇರುವ ತಡೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ.

ಹಾಗಾದರೆ ಆಮ್ಲೋಡಿಪಿನ್ ಹೃದಯವನ್ನು ಯಾಕೆ ಬಿಡುತ್ತದೆ? ಎರಡು ಬಡಿತಗಳ ನಡುವೆ ಹೃದಯಕೋಶದ ವೋಲ್ಟೇಜ್ ಪೂರ್ತಿ ಇಳಿಯುತ್ತದೆ. ನಾಳದ ಕೋಶದ್ದು ಅಷ್ಟು ಇಳಿಯುವುದಿಲ್ಲ. ಅಂಥ ಅರೆಬರೆ ಸ್ಥಿತಿಯ ಬಾಗಿಲಿಗೇ ಈ ಔಷಧ ಗಟ್ಟಿಯಾಗಿ ಅಂಟುವುದು. ಹಾಗಾಗಿ ಮಾಮೂಲಿ ಡೋಸಿನಲ್ಲಿ ನಾಳ ಸಡಿಲವಾಗುತ್ತದೆ, ಹೃದಯ ತನ್ನ ಪಾಡಿಗೆ ಬಡಿಯುತ್ತದೆ. ಇದೇ ಗುಂಪಿನ ಬೇರೆ ಔಷಧಗಳಾದ ವೆರಪಾಮಿಲ್, ಡಿಲ್ಟಿಯಾಜೆಮ್ ಹಾಗಲ್ಲ. ಅವು ಹೃದಯದ ವೇಗವನ್ನೂ ಬಲವನ್ನೂ ತಗ್ಗಿಸುತ್ತವೆ. ಪಂಪಿಂಗ್ ಕಮ್ಮಿ ಇರುವವರಿಗೆ ಸಾಮಾನ್ಯವಾಗಿ ಅವನ್ನು ಕೊಡುವುದಿಲ್ಲ.

ಮೂಳೆಯ ಮಾತ್ರೆಗೆ ಬರೋಣ. ದೇಹದ ಕ್ಯಾಲ್ಸಿಯಂನಲ್ಲಿ ಶೇ 99 ಇರುವುದು ಮೂಳೆ ಹಲ್ಲುಗಳಲ್ಲಿ. ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ದಾಟದಂತೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಾವಲು ಕೂತಿರುತ್ತವೆ. ಮಾತ್ರೆ ನುಂಗಿದ ಮಾತ್ರಕ್ಕೆ ನಾಳದ ಬಾಗಿಲಲ್ಲಿ ನೂಕುನುಗ್ಗಲು ಆಗುವುದಿಲ್ಲ. ಆದ್ದರಿಂದ ನಿಮ್ಮ ತಂದೆಯವರು ಎರಡನ್ನೂ ತಗೊಳ್ಳಬಹುದು. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಪಾದ ಊದಿಕೊಂಡರೆ ಡಾಕ್ಟರಿಗೆ ಹೇಳಿ, ಆಮ್ಲೋಡಿಪಿನ್‌ನಿಂದ ಹಾಗಾಗುವುದುಂಟು.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಕೆಲವು ಬಿಪಿ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಅನ್ನುವ, ಮೂತ್ರ ಹೆಚ್ಚಿಸುವ ಔಷಧ ಕೂಡ ಸೇರಿರುತ್ತದೆ. ಇವು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಸೇರಿದರೆ ರಕ್ತದಲ್ಲಿ ಅದು ಏರಬಹುದು. ಮಾತ್ರೆ ಸ್ಟ್ರಿಪ್ಪಿನ ಹಿಂದೆ ಈ ಹೆಸರುಗಳಿವೆಯೇ ಅಂತ ಓದಿ ನೋಡಿ. ಇದ್ದರೆ ಎರಡೂ ಚೀಟಿ ಒಬ್ಬರೇ ಡಾಕ್ಟರಿಗೆ ತೋರಿಸಿ, ರಕ್ತದ ಕ್ಯಾಲ್ಸಿಯಂ ಒಮ್ಮೆ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.