ಆಗದ ಮಾರಾಟಕ್ಕೆ ಬಿಲ್ ಹಾಕು ಅಂದರೆ

ಮಾರ್ಚ್ ಕೊನೆಗೆ ಟಾರ್ಗೆಟ್ ಮುಟ್ಟಿಲ್ಲ, ಆಗದ ಮಾರಾಟಕ್ಕೆ ಈಗ ಬಿಲ್ ಹಾಕಿ ಏಪ್ರಿಲ್‌ನಲ್ಲಿ ಕ್ರೆಡಿಟ್ ನೋಟ್ ಕೊಟ್ಟು ರದ್ದು ಮಾಡೋಣ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಸರಕು ಹೋಗದೆ ಬಿಲ್ ಹಾಕುವುದು ಜಿಎಸ್‌ಟಿ ಕಾನೂನಿನಲ್ಲೇ ದಂಡ ಬೀಳುವ ತಪ್ಪು.

ಹೈದರಾಬಾದಿನ ಸತ್ಯಂ ಅನ್ನೋ ಐಟಿ ಕಂಪನಿಯ ಕಥೆ ನೆನಪಿದೆ ಅಲ್ವಾ? 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಲೆಕ್ಕಪುಸ್ತಕದಲ್ಲಿ ಸುಳ್ಳು ತೋರಿಸಿದ ತಪ್ಪು ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ್ದಕ್ಕೂ ಇದ್ದ ಸಣ್ಣ ಅಂತರ ವರ್ಷದಿಂದ ವರ್ಷಕ್ಕೆ ಬೆಳೆದು ಕೈಮೀರಿತು ಅಂತ ಅದರಲ್ಲಿ ಅವರೇ ಹೇಳಿದ್ದರು. 2015ರಲ್ಲಿ ನ್ಯಾಯಾಲಯ 10 ಜನರಿಗೆ ಶಿಕ್ಷೆ ಕೊಟ್ಟಿತು. ಅವರಲ್ಲಿ ಕಂಪನಿಯ ಮಾಜಿ ನೌಕರರೂ ಇದ್ದರು, ಬರೀ ಮಾಲೀಕರಲ್ಲ. ನನಗೆ ನಿಮ್ಮ ಬಗ್ಗೆ ಚಿಂತೆ ಆಗುತ್ತಿರುವುದು ಇದಕ್ಕೇ, ಯಾಕೆಂದರೆ ಬಾಯಿಮಾತಲ್ಲಿ ಹೇಳಿದವರ ಗುರುತು ಎಲ್ಲೂ ಉಳಿಯಲ್ಲ, ಸಿಸ್ಟಮ್‌ನಲ್ಲಿ ಉಳಿಯುವುದು ನಿಮ್ಮ ಲಾಗಿನ್.

ಜಗಳ ಬೇಡ. "ಸರ್, ನೀವು ಹೇಳಿದ ಬಿಲ್‌ಗೆ ಪಾರ್ಟಿಯ ಆರ್ಡರ್ ಮತ್ತು ಡೆಲಿವರಿ ಚಲನ್ ಕಳಿಸಿ, ಬಂದ ತಕ್ಷಣ ಹಾಕುತ್ತೇನೆ" ಅಂತ ಒಂದು ಸಣ್ಣ ಮೇಲ್ ಮಾಡಿ. ಬಹಳ ಸಲ ವಿಷಯ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಫೈನಾನ್ಸ್ ಮುಖ್ಯಸ್ಥರ ಹತ್ತಿರ ಹೋಗಿ. ನಿಮ್ಮದು ಷೇರು ಪೇಟೆಯಲ್ಲಿರುವ ಕಂಪನಿಯಾದರೆ ಇಂಥ ದೂರಿಗೆ ಒಂದು ವ್ಯವಸ್ಥೆ ಇರಲೇಬೇಕು, 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಹಾಗೆ ಹೇಳುತ್ತದೆ. ದೂರು ಕೊಟ್ಟವರಿಗೆ ತೊಂದರೆ ಆಗದಂತೆ ನೋಡಿಕೊಳ್ಳಬೇಕು ಅಂತಲೂ ಅಲ್ಲೇ ಇದೆ.

ಮೇಲ್‌ಗೆ ಏನು ಉತ್ತರ ಬಂತು ಅಂತ ಇಲ್ಲೇ ತಿಳಿಸಿ.