ಮಗುವಿನ ಹಠ, ಡಬ್ಬಿಯ ಮೇಲಿನ ಕಾರ್ಟೂನು

ಪ್ರಶ್ನೆ: ನನ್ನ ಮೊಮ್ಮಗನಿಗೆ ಏಳು ವರ್ಷ. ಬೆಳಿಗ್ಗೆ ನೀರುದೋಸೆ ಹೊಯ್ದು ಕೊಟ್ಟರೆ ಮುಟ್ಟುವುದಿಲ್ಲ. ಮೇಲೆ ಕಾರ್ಟೂನ್ ಚಿತ್ರವಿರುವ ಚಾಕೊಲೇಟ್ ಸೀರಿಯಲ್ಲೇ ಬೇಕು. ಮಗ, ಸೊಸೆ ಇಬ್ಬರೂ ಏಳೂವರೆಯ ಲೋಕಲ್ ಹಿಡಿಯುವವರು. ನಾನು ತಕರಾರು ಮಾಡಿದರೆ ಮಗ, "ಬೇಡ ಅನ್ನುವುದು ಮನೆಯವರ ಕೆಲಸ ಅಮ್ಮ, ಇದಕ್ಕೂ ಸರ್ಕಾರ ಕಾನೂನು ಮಾಡಬೇಕೇ?" ಎನ್ನುತ್ತಾನೆ. ತಾವೇನು ಹೇಳುತ್ತೀರಿ?
– ಒಬ್ಬ ಅಜ್ಜಿ, ಡೊಂಬಿವಲಿ

ಉತ್ತರ: ಅಮ್ಮಾ, ಮನೆಯವರು ಬೇಡವೆನ್ನಲು ಕಲಿಯಬೇಕು ಎಂಬಷ್ಟರ ಮಟ್ಟಿಗೆ ನಿಮ್ಮ ಮಗನ ಮಾತು ಸರಿ. ಆದರೆ ನೀವು ದಿನಕ್ಕೊಮ್ಮೆ ಬೇಡವೆನ್ನುವಾಗ, ಟಿ.ವಿ., ಮೊಬೈಲು ಮತ್ತು ಅಂಗಡಿಯ ಕೆಳಗಿನ ಕಪಾಟು ಸೇರಿ ಅದೇ ಮಗುವಿಗೆ ಹತ್ತಾರು ಸಲ ಬೇಕೆನ್ನಿಸುತ್ತಿರುತ್ತವೆ. ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಗೆ, ಜಾಹೀರಾತು ಎಂದರೆ ವಸ್ತುವನ್ನು ಮಾರುವುದಕ್ಕಾಗಿ ಆಡಿದ ಮಾತು ಎಂಬ ತಿಳಿವಳಿಕೆಯೇ ಇರುವುದಿಲ್ಲವೆಂದು ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2004ರಲ್ಲೇ ಹೇಳಿದೆ. ನಿಮ್ಮ ಮೊಮ್ಮಗ ಆ ಕಾರ್ಟೂನನ್ನು ತನ್ನ ಗೆಳೆಯನೆಂದೇ ನಂಬಿದ್ದಾನೆ. ಇಂತಹ ನಂಬಿಕೆಯನ್ನು ವ್ಯಾಪಾರಕ್ಕೆ ಬಳಸಿಕೊಳ್ಳುವುದನ್ನು ತಡೆಯುವುದು ಸರ್ಕಾರದ ಕೆಲಸವೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೀಗೆ ತಡೆದ ನಾಡುಗಳಿವೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ 1980ರಿಂದಲೂ ನಿಷೇಧವಿದೆ. ಚಿಲಿ ದೇಶ 2016ರ ಜೂನ್‌ನಲ್ಲಿ ಇನ್ನೂ ಮುಂದೆ ಹೋಗಿ, ಸಕ್ಕರೆ, ಉಪ್ಪು, ಕೊಬ್ಬು ಅತಿಯಾಗಿರುವ ಪೊಟ್ಟಣಗಳ ಮುಖದ ಮೇಲೆ ಕಪ್ಪು ಬಣ್ಣದ ಎಂಟು ಮೂಲೆಯ ಎಚ್ಚರಿಕೆಯ ಗುರುತನ್ನು ಕಡ್ಡಾಯ ಮಾಡಿತು. ಆ ಗುರುತು ಬಿದ್ದ ತಿನಿಸಿನ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನು ಇರಕೂಡದು, ಅದನ್ನು ಶಾಲೆಯಲ್ಲಿ ಮಾರಕೂಡದು ಎಂದೂ ವಿಧಿಸಿತು.

ನಮ್ಮಲ್ಲಿಯೂ ನಿಯಮ ಇಲ್ಲವೆಂದಲ್ಲ. ಚಿಪ್ಸ್, ಸೋಡಾ ಪಾನೀಯದಂತಹವುಗಳ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮಗಳ ನಡುವೆಯಾಗಲಿ ಮಕ್ಕಳಿಗಾಗಿಯೇ ಇರುವ ವಾಹಿನಿಗಳಲ್ಲಾಗಲಿ ತೋರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಿಮ್ಮ ಪಕ್ಕದಲ್ಲಿ ಕುಳಿತು ಕ್ರಿಕೆಟ್ ನೋಡುವ ಮಗು ಆ ಗೆರೆಯ ಆಚೆಗೇ ಉಳಿಯಿತಲ್ಲ! ಪೊಟ್ಟಣದ ಮುಂಭಾಗದ ಗುರುತಿನ ವಿಚಾರವಂತೂ ವರ್ಷಗಳಿಂದ ಎಳೆದಾಡುತ್ತಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಕರಡಿನಲ್ಲಿ ತಿನಿಸಿನ ಗುಣಕ್ಕೆ ತಕ್ಕಷ್ಟು ನಕ್ಷತ್ರ ಕೊಡುವ ಪದ್ಧತಿಯನ್ನು ಸೂಚಿಸಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮೂರು ತಿಂಗಳಲ್ಲಿ ಶಿಫಾರಸು ಕೊಡಿರೆಂದು ಹೇಳಬೇಕಾಯಿತು. ನನ್ನ ಆಕ್ಷೇಪ ನಕ್ಷತ್ರದ ಬಗೆಗೇ ಇದೆ: ಒಂದೂವರೆ ನಕ್ಷತ್ರ ಪಡೆದ ಚಿಪ್ಸ್ ಕೂಡ ಮಗುವಿನ ಕಣ್ಣಿಗೆ ಬಹುಮಾನ ಪಡೆದಂತೆಯೇ ಕಾಣುತ್ತದೆ. ತೆರಿಗೆಯಲ್ಲಿಯೂ ಒಂದೇ ದಾರಿಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಡಾ ಪಾನೀಯಗಳಿಗೆ ಶೇ 40 ಜಿ.ಎಸ್.ಟಿ. ಇದ್ದರೆ, ಬಿಸ್ಕತ್ತು, ಚಾಕೊಲೇಟು, ಇನ್‌ಸ್ಟಂಟ್ ನೂಡಲ್ಸ್‌ಗಳ ಮೇಲಿನ ತೆರಿಗೆ ಶೇ 5ಕ್ಕೆ ಇಳಿದಿದೆ. ಮಧ್ಯಮ ವರ್ಗದ ಖರ್ಚು ಇಳಿದದ್ದು ನಿಜ. ಮಗುವಿನ ಕೈಗೆ ಸುಲಭವಾಗಿ ಎಟಕುವ ಸಕ್ಕರೆಯೂ ಅಗ್ಗವಾದದ್ದು ಅಷ್ಟೇ ನಿಜ.

ಕಾನೂನು ಬರುವವರೆಗೆ ಮೊಮ್ಮಗನನ್ನೇ ಜೊತೆಗೆ ಕೂರಿಸಿಕೊಂಡು ಡಬ್ಬಿಯ ಹಿಂಬದಿಯನ್ನು ಓದಿ. ನೂರು ಗ್ರಾಮಿಗೆ ಎಷ್ಟು ಸಕ್ಕರೆ ಎಂದು ಅಲ್ಲಿ ಬರೆದಿರುತ್ತದೆ. ಅಷ್ಟನ್ನು ಒಂದು ಬಟ್ಟಲಿಗೆ ಅವನ ಕೈಯಿಂದಲೇ ಅಳೆಸಿ ಹಾಕಿಸಿ. ಏಳು ವರ್ಷದ ಹುಡುಗನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಮಗಳು ತೀರಾ ತೆಳ್ಳಗಿದ್ದಾಳೆ. ದಪ್ಪಗಿರುವ ಮಕ್ಕಳಿಗೆ ಹೇಳುವ ಪಥ್ಯ ಅವಳಿಗೇಕೆ? ಬಿಸ್ಕತ್ತು, ಕ್ರೀಮ್ ರೋಲ್ ತಿಂದಾದರೂ ಮೈ ಕೂಡಲಿ ಎಂದು ಬಿಟ್ಟಿದ್ದೇವೆ.
– ಒಬ್ಬ ತಂದೆ, ಚಿಂಚ್‌ವಡ, ಪುಣೆ

ಉತ್ತರ: ಸ್ವಾಮಿ, ತಮ್ಮ ಪ್ರಶ್ನೆಗೆ ಉತ್ತರ ತಮ್ಮ ಊರಿನಲ್ಲೇ ಸಿಕ್ಕಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳೊಡನೆ ಹೋಲಿಸಿದರು. ಅಲ್ಲಿನ ಕೂಸಿನ ಸರಾಸರಿ ತೂಕ 3.5 ಕಿಲೋ, ನಮ್ಮದು 2.7 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಬಹಳ ಕಡಿಮೆಯಿತ್ತು. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಮುಂದೆ 2004ರಲ್ಲಿ ಯಾಜ್ಞಿಕರು ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿಟ್ಟು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಎತ್ತರಕ್ಕೆ ತಕ್ಕ ತೂಕದ ಅಳತೆ (ಬಿ.ಎಂ.ಐ.) ಇಬ್ಬರದೂ 22.3, ಆದರೆ ದೇಹದ ಕೊಬ್ಬು ಬ್ರಿಟನ್ನಿನವರಲ್ಲಿ ಶೇ 9.1, ನಮ್ಮ ಪುಣೆಯವರಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯರ ಮೈಯಲ್ಲೂ ಮಧುಮೇಹಕ್ಕೆ ದಾರಿ ಮಾಡುವ ಕೊಬ್ಬು ಅಡಗಿರಬಲ್ಲದು ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು. ಕ್ರೀಮ್ ರೋಲಿನಿಂದ ಮಗಳ ಮೈಗೆ ಸೇರುವುದು ಬಹುತೇಕ ಅದೇ. ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು, ತಿನ್ನುವವರಾದರೆ ಮೊಟ್ಟೆ, ಇವನ್ನು ಕೊಟ್ಟು ಸಂಜೆ ಒಂದು ತಾಸು ಆಡಲು ಬಿಡಿ. ಒಮ್ಮೆ ಮಕ್ಕಳ ವೈದ್ಯರಿಗೂ ತೋರಿಸಿ, ತೆಳ್ಳಗಿರುವುದಕ್ಕೆ ರಕ್ತಹೀನತೆಯಂತಹ ಕಾರಣವಿದೆಯೇ ಎಂದು ಕೇಳಿ.

ಪ್ರಶ್ನೆ: ನಮ್ಮ ಮಕ್ಕಳ ಶಾಲೆಯ ಗೇಟಿಗೆ ತಾಗಿದಂತೆಯೇ ಚಿಪ್ಸ್, ಕೋಲಾ ಮಾರುವ ಅಂಗಡಿಯಿದೆ. ಕ್ರೀಡಾ ದಿನದ ಬ್ಯಾನರಿನಲ್ಲೂ ಒಂದು ಪಾನೀಯದ ಹೆಸರಿತ್ತು. ಕೇಳುವ ಹಕ್ಕು ಪಾಲಕರಿಗೆ ಇದೆಯೇ?
– ಒಬ್ಬ ತಾಯಿ, ಮುಲುಂಡ್

ಉತ್ತರ: ಖಂಡಿತ ಇದೆ. 2020ರಲ್ಲಿ ಹೊರಬಂದು 2021ರ ಜುಲೈ 1ರಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಾವಳಿಯ ಪ್ರಕಾರ, ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯೊಳಗೂ ಶಾಲೆಯಿಂದ 50 ಮೀಟರ್‌ವರೆಗೂ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಮಾಡುವಂತಿಲ್ಲ, ಪುಕ್ಕಟೆ ಹಂಚುವಂತೆಯೂ ಇಲ್ಲ. ಶಾಲೆಯ ಬಸ್ಸು, ಆಟದ ಮೈದಾನ, ಪುಸ್ತಕದ ಹೊದಿಕೆಯ ಮೇಲೆ ಇಂತಹ ತಿನಿಸಿನ ಹೆಸರು ಹಾಕುವುದಕ್ಕೂ ಇದೇ ತಡೆಯಿದೆ. ಮಹಾರಾಷ್ಟ್ರ ಸರ್ಕಾರವಂತೂ 2017ರ ಮೇ ತಿಂಗಳಿನಲ್ಲೇ ಶಾಲಾ ಕ್ಯಾಂಟೀನುಗಳಿಂದ ಇವನ್ನು ದೂರವಿಡಲು ಆದೇಶಿಸಿತ್ತು. ಆದರೆ "ಅತಿ" ಎಂದರೆ ಇಂತಿಷ್ಟು ಗ್ರಾಂ ಎಂಬ ಸ್ಪಷ್ಟ ಗೆರೆಯನ್ನು ಕೇಂದ್ರದ ನಿಯಮಾವಳಿ ಎಳೆದಿಲ್ಲ. ಜಾರಿ ಸಡಿಲವಾಗಲು ಇದು ದೊಡ್ಡ ಕಾರಣವೆಂದು ನನಗನ್ನಿಸುತ್ತದೆ.

ಒಬ್ಬರೇ ಹೋಗಬೇಡಿ, ಪಾಲಕ-ಶಿಕ್ಷಕ ಸಂಘದ ಸಭೆಯಲ್ಲಿ ವಿಷಯವಿಟ್ಟು, ಗೇಟಿನಲ್ಲಿ ಈ ನಿಷೇಧದ ಫಲಕ ಹಾಕಬೇಕಾದದ್ದು ಶಾಲೆಯ ಹೊಣೆಯೆಂದು ಠರಾವಿನಲ್ಲಿ ಬರೆಸಿ. ಅಂಗಡಿಯವನ ಹೊಟ್ಟೆಪಾಡೂ ಅದರಲ್ಲೇ ಇದೆ. ಕಡಲೆ, ಬಾಳೆಹಣ್ಣು, ಎಳನೀರು ಇಡುವಂತೆ ಮೊದಲು ಅವನೊಡನೆ ಮಾತನಾಡಿ. ಅದರಿಂದಲೂ ಕೆಲಸವಾಗದಿದ್ದರೆ ರಾಜ್ಯದ ಆಹಾರ ಮತ್ತು ಔಷಧ ಆಡಳಿತದ (ಎಫ್.ಡಿ.ಎ.) ಆಹಾರ ಸುರಕ್ಷತಾ ಅಧಿಕಾರಿಗೆ ಛಾಯಾಚಿತ್ರ ಲಗತ್ತಿಸಿ ಲಿಖಿತ ದೂರು ಕೊಡಿ; ಬ್ಯಾನರಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ದೂರವಾಣಿ ಸಂಖ್ಯೆ 1915) ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.